ಜಗಲಿ ಎಂಬಲ್ಲಿ ಕಟ್ಟೆ ಎಂದು ಓದಿಕೊಳ್ಳಿ

ನಮ್ಮ ಮನೆಗೆ ಬಾಗಿಲು ಎರಡು, ಕಟ್ಟೆ ಒಂದು. ಎಡಗಡೆಯ ಬಾಗಿಲು ನಮ್ಮದು, ಬಲಗಡೆಯದು ಕಾಕಾನದು. ಎರಡರ ಮುಂದೆಯೂ ಉದ್ದಕ್ಕೆ ಹಾಸಿಕೊಂಡಿರುವ ಫರಸಿ ಕಲ್ಲಿನ ಕಟ್ಟೆ ಯಾರ ಪಾಲಿನದೆಂದು ಈವರೆಗೆ ಯಾರೂ ಕೇಳಿಲ್ಲ. ಮೊಣಕಾಲೆತ್ತರದ ಆ ಕಟ್ಟೆಯ ಮೇಲೆ ನಾಲ್ಕು ಜನ ಕಾಲು ಇಳಿಬಿಟ್ಟು ಆರಾಮಾಗಿ ಕೂರಬಹುದು. ಐದನೆಯವರು ಬಂದರೆ ಕುಳಿತವರಲ್ಲಿ ಯಾರಿಗಾದರೂ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಬೇಕು. ನಡುವಿನ ಕಲ್ಲಿಗೊಂದು ಸೀಳು. ಅದರೊಳಗೆ ಶೇಂಗಾ ಸಿಪ್ಪೆ, ಬಳೆಯ ಚೂರು, ಕುರಿಯ ಉಣ್ಣೆಯ ಎಳೆ ಏನೇನೋ ಸೇರಿಕೊಳ್ಳುತ್ತವೆ. ಅವ್ವ ದಿನಾ ಮುಂಜಾನೆ ಕಸಬರಿಗೆಯ ಕಡ್ಡಿಯಿಂದ ಅವನ್ನು ಕೆದಕಿ ತೆಗೆಯುತ್ತಾಳೆ. ಕಸ ಗುಡಿಸುವುದರಲ್ಲಿ ನಮ್ಮವ್ವನಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ನಾನು ಇಟ್ಟುಕೊಳ್ಳಲಿಲ್ಲ.

ನೀವು ಯಾವತ್ತಾದರೂ ಗೋಕಾಕಕ್ಕೆ ಬಂದರೆ ನಮ್ಮ ಕಾಲನಿ ಹುಡುಕುವುದು ಕಷ್ಟವಲ್ಲ. ಹಳೆಯ ಪೇಟೆ ಮುಗಿದು, ಒಂದು ಕಾಲಕ್ಕೆ ಕಬ್ಬು ನಿಂತಿದ್ದ ಹೊಲಗಳನ್ನು ಪ್ಲಾಟು ಮಾಡಿ ಮಾರಿದ ಕಡೆ, ಒಂದರಂತೆ ಇನ್ನೊಂದಿಲ್ಲದ ಮನೆಗಳು ಸಾಲುಸಾಲಾಗಿ ನಿಂತಿವೆ. ಪ್ರತಿ ಮಾಳಿಗೆಯ ಮೇಲೂ ಇನ್ನೊಂದು ಅಂತಸ್ತಿನ ಆಸೆ ತುಕ್ಕು ಹಿಡಿದ ಸರಳುಗಳಾಗಿ ಆಕಾಶಕ್ಕೆ ಮುಖ ಮಾಡಿದೆ. ಹೊಸ ಮನೆಗಳಿಗೆಲ್ಲ ಕಂಪೌಂಡು, ಗೇಟು, ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ; ನಾಯಿ ಮಾತ್ರ ಯಾವ ಮನೆಯಲ್ಲೂ ಇಲ್ಲ. ಇರುವ ನಾಲ್ಕು ಬೀದಿನಾಯಿಗಳು ಫಲಕ ಓದಲು ಬಾರದ್ದರಿಂದ ಎಲ್ಲರ ಗೇಟಿನ ಮುಂದೆಯೂ ಸಮಾನವಾಗಿ ಮಲಗುತ್ತವೆ. ಎದುರಿನ ಮನೆ ಲಕ್ಕಪ್ಪ ಮಾಮಾನದು. ಕುರಿ ಕಾಯುತ್ತಲೇ ದೊಡ್ಡವನಾಗಿ, ಹೊಲ ಮಾಡಿ, ಈಗ ಹೊಲವನ್ನು ಮಕ್ಕಳಿಗೆ ಬಿಟ್ಟು ಇಲ್ಲಿ ಕೂತಿದ್ದಾನೆ. ಆದರೂ ನಾಲ್ಕು ಕುರಿಗಳನ್ನು ಲೈಟಿನ ಕಂಬಕ್ಕೆ ಕಟ್ಟದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುವಾಗ ನಮ್ಮ ಕಿಟಕಿಗಳು ತಾವಾಗಿ ತಾಳ ಹಾಕುತ್ತವೆ. ಇಷ್ಟೇ ನಮ್ಮ ನೆರೆಹೊರೆ.

ಈ ಪ್ಲಾಟನ್ನು ಕೊಂಡವರು ಅಪ್ಪ ಮತ್ತು ಕಾಕಾ, ಇಬ್ಬರೂ ಕೂಡಿ. ಅಪ್ಪ ಸಾಲಿಯ ಹೆಡ್‌ಮಾಸ್ತರ. ಕಾಕಾ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲು ತೆಗೆಯುವ ಖಾತೆಯಲ್ಲಿ ಕೆಲಸಕ್ಕಿದ್ದ. ಮುಂದೆ ಇಬ್ಬರೂ ಜಗಳವಿಲ್ಲದೆ ಬೇರೆಯಾದಾಗ ನಡುಮನೆಗೊಂದು ಗೋಡೆ ಬಂತು, ಹಿತ್ತಲಿಗೊಂದು ಬೇಲಿ ಬಂತು. ದೇವರ ಕೋಣೆಯನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ಅದು ನಮ್ಮ ಬಾಗಿಲಿನೊಳಗೆ ಉಳಿಯಿತು. ಬಿಲ್ವಪತ್ರಿಯ ಗಿಡ, ಹೂವಿನ ಗಿಡಗಳು ಕಾಕಾನ ಹಿತ್ತಲಿಗೆ ಹೋದವು. ಹೀಗಾಗಿ ಎಣ್ಣೆ-ಬತ್ತಿ ನಮ್ಮದು, ಹೂ-ಪತ್ರಿ ಅವರದು ಎಂಬ ಒಪ್ಪಂದ ಯಾರೂ ಮಾತಾಡದೆಯೇ ಆಗಿಹೋಯಿತು. ಅಪ್ಪ ಹೋದ, ಕಾಕಾ ಹೋದ, ಒಪ್ಪಂದ ಉಳಿಯಿತು. ಸೋಮವಾರ ಬಂತೆಂದರೆ ಕಾಕು ಬಲಗಡೆಯ ಬಾಗಿಲಿನಿಂದ ಹೊರಬಂದು, ಕಟ್ಟೆ ಹಾಯ್ದು, ಎಡಗಡೆಯ ಬಾಗಿಲಿನೊಳಗೆ ಬರುತ್ತಾಳೆ, ಕೈಯಲ್ಲಿ ಪತ್ರಿಯ ಬುಟ್ಟಿ.

ಕಾಕು ಎಂದರೆ ನಮ್ಮ ಕಡೆ ಕಾಕಾನ ಹೆಂಡತಿ. ಪುಸ್ತಕದಲ್ಲಿ ಅದೇ ಶಬ್ದಕ್ಕೆ ಧ್ವನಿಯ ಕೊಂಕು ಎಂಬ ಅರ್ಥವಿದೆ: ಹೇಳುವ ರೀತಿಯಿಂದಲೇ ‘ಹೌದು’ ಎನ್ನುವುದು ‘ಅಲ್ಲ’ ಆಗುವ ಚಮತ್ಕಾರ. ಧಾರವಾಡದಲ್ಲಿ ಓದುವಾಗ ಈ ಅರ್ಥ ತಿಳಿದು ನಾನು ಬಹಳ ಹೊತ್ತು ನಕ್ಕಿದ್ದೆ, ಏಕೆಂದರೆ ನಮ್ಮ ಕಾಕು ಎರಡೂ ಅರ್ಥದಲ್ಲಿ ಕಾಕುವೇ. ಅವಳು ‘ಭಾಳ ಶ್ಯಾಣ್ಯಾ ಅದಿ’ ಎಂದು ಜಾಣತನ ಹೊಗಳಿದರೆ ತಕ್ಷಣ ಎದ್ದು ತಪ್ಪು ಹುಡುಕಬೇಕು.

ನನ್ನ ಬಗ್ಗೆ ಹೇಳುವುದಾದರೆ, ಹುಕ್ಕೇರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ದಿನವೂ ಘಟಪ್ರಭಾ ದಾಟಿ ಹೋಗಿ ಬರುವ ಬಸ್ಸಿನಲ್ಲಿ ಕೂತು ಹೊಳೆಯನ್ನೂ ಹೊಲಗಳನ್ನೂ ನೋಡುತ್ತ, ನೋಡಿದ್ದನ್ನು ನಂಬಬೇಕೋ ಬೇಡವೋ ಎಂದು ಯೋಚಿಸುವುದು ನನ್ನ ದುರಭ್ಯಾಸ. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ, ಅವನು ಪ್ರಾಮಾಣಿಕನಾಗಿದ್ದರೆ ಇನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಮಾತು ಮೊದಲು ಅನ್ವಯಿಸುವುದು ನನಗೇ. ಫಾಲ್ಸಿನ ಗಿರಣಿಯ ಭೋಂಗಾ ನಮ್ಮ ಮನೆಯವರೆಗೆ ಕೇಳುತ್ತಿತ್ತು, ಅದು ಕೂಗಿದ ಮೇಲೆ ಕಾಕಾನ ಸೈಕಲ್ಲಿನ ದಾರಿ ಕಾಯುತ್ತಿದ್ದೆ ಎಂದು ನನಗೆ ಸ್ಪಷ್ಟ ನೆನಪು. ಅವ್ವ, ಅಷ್ಟು ದೂರದ್ದು ಹೇಗೆ ಕೇಳೀತು ಎನ್ನುತ್ತಾಳೆ. ಲಕ್ಕಪ್ಪ ಮಾಮಾ, ಗಾಳಿ ತಿರುಗಿದ ದಿನ ಕೇಳುತ್ತಿತ್ತು ಎನ್ನುತ್ತಾನೆ. ಗಾಳಿ ಎಷ್ಟು ದಿನ ತಿರುಗಿತ್ತೋ, ನಾನು ಎಷ್ಟು ದಿನ ಕೇಳಿದ್ದೆನೋ, ಒಂದು ದಿನ ಕೇಳಿದ್ದನ್ನೇ ಇಡೀ ಬಾಲ್ಯಕ್ಕೆ ಹಂಚಿಕೊಂಡೆನೋ, ಹೇಳಲಾರೆ.

ದೇವರ ವಿಷಯದಲ್ಲೂ ನನ್ನದು ಇದೇ ಅನುಮಾನ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಬಸವಣ್ಣನ ಒಕ್ಕಲಿನವರಿಗೆ ಕೋಣೆಯೊಳಗೆ ಇನ್ನಷ್ಟು ದೇವರೇಕೆ ಎಂದು ಒಮ್ಮೆ ಅವ್ವನನ್ನು ಕೇಳಿದ್ದೆ. ಆಗೆಲ್ಲ ಅವಳ ಬಳಿ ಒಂದೇ ಅಸ್ತ್ರ. “ನಿಮ್ಮ ಕಾಕಾನ್ನ ನೆನಸ್ಕೊ. ಗಿರಣಿಯಿಂದ ಹೆಣಾ ಆಗಿ ಬಂದ್ರೂ ಆ ಕ್ವಾಣ್ಯಾಗ ಹೋಗಿ ಊದಿನಕಡ್ಡಿ ಹಚ್ಚಲಾರದ ಕೂಳ ಮುಟ್ಟತಿರಲಿಲ್ಲ. ನೀ ನಾಕ ಪುಸ್ತಕ ಓದಿ ಮೂಗ ಮುರೀತಿ.” ಕಾಕಾನ ಊದಿನಕಡ್ಡಿಯ ಮುಂದೆ ನನ್ನ ವಿಶ್ವವಿದ್ಯಾಲಯ ಎಂದೂ ಗೆದ್ದದ್ದಿಲ್ಲ.

ಇನ್ನು ನಡೆದ ಸಂಗತಿಗೆ ಬರುತ್ತೇನೆ. ಈ ಸಲ ಶ್ರಾವಣ ಹಿಡಿಯುವ ಎರಡು ದಿನ ಮುಂಚೆ, ಒಂದು ಶನಿವಾರ, ಊರಿನ ವಾರಪತ್ರಿಕೆಯೊಂದರಲ್ಲಿ ನಮ್ಮ ಮನೆ ಮತ್ತು ಕಾಲನಿಯ ಬಗ್ಗೆ ನಾನು ಬರೆದ ಬರಹ ಬಂತು. ನಾನು ಹುಕ್ಕೇರಿಯಿಂದ ಮರಳುವಷ್ಟರಲ್ಲಿ ಲಕ್ಕಪ್ಪ ಮಾಮಾ ಅದನ್ನು ಹಿಡಿದುಕೊಂಡು ಕಟ್ಟೆಯ ಮುಂದೆ ನಿಂತಿದ್ದ. ಅಚ್ಚಾದದ್ದು ಏನು ಸಿಕ್ಕರೂ ಕುರಿಸಂತೆಯಲ್ಲಿ ಬೆಲೆ ಕೂಗುವ ಧ್ವನಿಯಲ್ಲಿ ಓದುವುದು ಅವನ ಹವ್ಯಾಸ. ಅವ್ವ, ಕಾಕು ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

“ಏನ್ರಿ ವೈನಿ, ನಿಮ್ಮ ಮಾಸ್ತರ ನಮ್ಮನ್ನೆಲ್ಲಾ ಪೇಪರಿನಾಗ ಹಾಕ್ಯಾನಲ್ರಿ!”

“ನಿಮ್ಮನ್ಯಾಕ ಹಾಕ್ಯಾನು? ಕುರಿ ಕಳದಾವೇನು?” ಎಂದಳು ಕಾಕು.

“ಕುರೀನೂ ಬಂದಾವ್ರಿ, ಕಂಬಾನೂ ಬಂದೈತಿ. ಕೇಳ್ರಿಲ್ಲೆ.”

ಓದಿದ. ಸರಳು, ನಾಯಿಯ ಫಲಕ, ಟ್ರ್ಯಾಕ್ಟರು ಎಲ್ಲಕ್ಕೂ ನಗೆ ಸಿಕ್ಕಿತು. ನಾನು ಬಸ್ಸಿನ ದಣಿವು ಮರೆತು ಬಾಗಿಲಿಗೆ ಒರಗಿ ಸುಖಪಡುತ್ತಿದ್ದೆ. ಆಗ ಆ ವಾಕ್ಯ ಬಂತು: ‘ಮೊದಲ ಪಾಳಿ ಮುಗಿಸಿ ಬಂದ ಕಾಕಾ ಮಧ್ಯಾಹ್ನದ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು, ಲೋಕದ ಗೊಡವೆಯಿಲ್ಲದೆ ಬೀಡಿ ಸೇದುತ್ತಿದ್ದ.’

ಲಕ್ಕಪ್ಪ ಮಾಮಾ ನಿಲ್ಲಿಸಿದ. ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದ. “ಎಲ್ಲಿ ಕುಂತು?” ಎಂದು ತನ್ನನ್ನೇ ಕೇಳಿಕೊಂಡು, ಇನ್ನೊಮ್ಮೆ, ಈ ಸಲ ಸಣ್ಣ ಧ್ವನಿಯಲ್ಲಿ ಓದಿದ. ಕಾಕುವಿನ ಕೈಯಲ್ಲಿದ್ದ ಶೇಂಗಾಕಾಯಿ ಹಾಗೆಯೇ ಉಳಿಯಿತು. ಅವಳು ಎದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಬಲಗಡೆಯ ಬಾಗಿಲಿನೊಳಗೆ ಹೋದಳು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಅವ್ವ ನನ್ನತ್ತ ತಿರುಗಿದಳು. “ದೇವರ ಜಗಲಿ ಮ್ಯಾಲ ಕುಂತು ಬೀಡಿ ಸೇದತಿದ್ದನಂತ! ಸತ್ತಾಂವ ಎದ್ದ ಬಂದು ಅಲ್ಲ ಅಂತಾನೇನು? ಊದಿನಕಡ್ಡಿ ಹಚ್ಚೋ ಕೈಯಾಗ ಬೀಡಿ ಕೊಟ್ಟಿಯಲ್ಲೋ, ನಿನ್ನ ಬರವಣಿಗಿಗೆ ಬೆಂಕಿ ಹಚ್ಚಲಿ!”

“ಅವ್ವಾ, ಜಗಲಿ ಅಂದ್ರ ಇದ, ಹೊರಗಿನ ಕಟ್ಟಿ. ಪುಸ್ತಕದಾಗ ಹಂಗ ಬರೀತಾರ.”

“ಯಾರ ಪುಸ್ತಕದಾಗ?”

ಇತಿಹಾಸದ ಮಾಸ್ತರನೊಬ್ಬ ಮೊದಲೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ನೀವು ಘಟ್ಟದ ಕಡೆಯವರೋ ಕರಾವಳಿಯವರೋ ಆಗಿದ್ದರೆ ನಿಮಗೆ ಈ ಗಲಾಟೆ ಅರ್ಥವಾಗಿರಲಿಕ್ಕಿಲ್ಲ. ನಿಮ್ಮಲ್ಲಿ ಜಗಲಿ ಎಂದರೆ ಮನೆಯ ಮುಂದೆ ಬಂದವರು ಕೂರುವ ಜಾಗ, ದಾರಿಹೋಕ ನೀರು ಕೇಳುವ ಜಾಗ. ನಮ್ಮಲ್ಲಿ ಜಗಲಿ ಎಂದರೆ ದೇವರ ಕೋಣೆಯೊಳಗೆ ಗೋಡೆಗೆ ಹತ್ತಿ ಕಟ್ಟಿದ ಕಲ್ಲಿನ ಪೀಠ, ದೇವರು ಕೂರುವ ಜಾಗ. ಮನುಷ್ಯರು ಕೂರುವುದಕ್ಕೆ ಕಟ್ಟೆ, ನಮ್ಮ ಬಾಯಲ್ಲಿ ಕಟ್ಟಿ. ಒಂದೇ ಶಬ್ದ ಅಲ್ಲಿ ಬಾಗಿಲ ಹೊರಗೆ ಕಾಲು ಇಳಿಬಿಟ್ಟು ಕೂತಿದೆ, ಇಲ್ಲಿ ಒಳಗೆ ಹೋಗಿ ವಿಭೂತಿ ಹಚ್ಚಿಕೊಂಡಿದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹುಟ್ಟಿದಂದಿನಿಂದ ಗೊತ್ತು. ಆದರೆ ಧಾರವಾಡದ ಹಾಸ್ಟೆಲಿನಲ್ಲಿ ನನ್ನ ‘ಕಟ್ಟಿ’ಗೆ ಕರಾವಳಿಯ ಗೆಳೆಯನೊಬ್ಬ ನಕ್ಕಿದ್ದ. ಅಂದಿನಿಂದ ಬರೆಯಲು ಕೂತಾಗಲೆಲ್ಲ ನಮ್ಮ ಮನೆಯ ಶಬ್ದಗಳನ್ನು ಹೊರಗೆ ನಿಲ್ಲಿಸಿ ಓದಿದ ಶಬ್ದಗಳನ್ನು ಒಳಗೆ ಕರೆಯುವುದು ರೂಢಿಯಾಯಿತು. ಹಾಗೆ ಬರೆದೂ ಬರೆದೂ ಕೊನೆಗೆ ನೆನಪೂ ಆ ಶಬ್ದಗಳಲ್ಲೇ ಬರತೊಡಗಿತು. ಕಣ್ಣು ಮುಚ್ಚಿದರೆ ನಮ್ಮ ಮನೆಯ ಮುಂದೆ ಒಂದು ಜಗಲಿ ಕಾಣುತ್ತಿತ್ತು, ಅದಕ್ಕೆ ನಮ್ಮಲ್ಲಿಲ್ಲದ ಮರದ ಕಂಬಗಳೂ ಇದ್ದವು.

ಶಬ್ದವೇ ಸುಳ್ಳಾದ ಮೇಲೆ ಉಳಿದದ್ದನ್ನೂ ಪರೀಕ್ಷಿಸಬೇಕೆನ್ನಿಸಿ ಮರುದಿನ ಲಕ್ಕಪ್ಪ ಮಾಮಾನನ್ನು ಕೇಳಿದೆ. ಕಾಕಾ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದದ್ದಾದರೂ ಹೌದಲ್ಲ?

“ಖರೆ ಹೇಳ್ಲೇನ್ರಿ ಮಾಸ್ತರ? ನಾ ಅಂತೂ ನೋಡಿಲ್ಲ. ನಿಮ್ಮಪ್ಪ ಇದ ಕಟ್ಟಿ ಮ್ಯಾಲ ಕುಂತು ಸಾಲಿ ಹಾಳಿ ತಿದ್ದತಿದ್ರು. ಅವರ ಮುಂದ ನಾನ ಬೀಡಿ ಬೆನ್ನ ಹಿಂದ ಹಿಡಕೊಂಡ ನಿಂದರತಿದ್ದೆ. ಒಮ್ಮೆ ಅಂಗೀನ ಸುಟ್ಟೈತಿ. ಇನ್ನ ಸ್ವಂತ ತಮ್ಮ ಸೇದತಾನ?” ಅವನು ಕಣ್ಣು ಹೊಡೆದ. “ನೀವ ಏನ ಮಾಡಿದ್ರಿ ಅಂದ್ರ, ನನ್ನ ಬೀಡಿ ಕಸಗೊಂಡ ಹೋಗಿ ಪಾಪ ಅವನ ಬಾಯಾಗ ಇಟ್ರಿ.”

ಅಲ್ಲಿಗೆ ಲೆಕ್ಕ ಮುಗಿಯಿತು. ಬೀಡಿ ಲಕ್ಕಪ್ಪ ಮಾಮಾನದು, ಜಗಲಿ ಪುಸ್ತಕದ್ದು. ಕಾಕಾ ಒಬ್ಬನೇ ನಿಜ. ಸಂಶಯ ಪಡುವವನಿಗೆ ತನ್ನ ತಪ್ಪು ಸಾಬೀತಾದಾಗಲೂ ಒಂದು ಬಗೆಯ ಸಮಾಧಾನವಿರುತ್ತದೆ: ನೋಡಿ, ನೆನಪನ್ನು ನಂಬಬಾರದೆಂದು ನಾನು ಹೇಳಿರಲಿಲ್ಲವೇ! ಆದರೆ ಆ ಸಮಾಧಾನ ಉಳಿದದ್ದು ಸೋಮವಾರದವರೆಗೆ ಮಾತ್ರ.

ಶ್ರಾವಣದ ಮೊದಲ ಸೋಮವಾರ ಕಾಕು ಬರಲಿಲ್ಲ. ಅವ್ವ ಮಿಂದು, ದೀಪಕ್ಕೆ ಎಣ್ಣೆ ಹಾಕಿ, ಎಡಗಡೆಯ ಬಾಗಿಲಲ್ಲಿ ನಿಂತು ಕಾದಳು. ಪತ್ರಿಯ ಗಿಡ ಬೇಲಿಯ ಆಚೆ ಜಿಟಿಜಿಟಿ ಮಳೆಯಲ್ಲಿ ತೊಯ್ಯುತ್ತ ನಿಂತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವ್ವ ಕೈ ಚಾಚಲಿಲ್ಲ. ಪೇಟೆಯಿಂದ ಹೂ ತರುತ್ತೇನೆಂದು ನನ್ನ ಹೆಂಡತಿ ಚೀಲ ಹಿಡಿದಾಗ ಅವ್ವ ತಡೆದಳು. “ಬಾಜೂಕ ಗಿಡಾ ಇಟಗೊಂಡು ಪ್ಯಾಟಿ ಹೂವಾ ತಂದಿವಿ ಅಂದ್ರ ಕಟ್ಟಿ ಮ್ಯಾಲ ಗ್ವಾಡಿ ಕಟ್ಟಿದಂಗ. ಒಮ್ಮೆ ಕಟ್ಟಿದ ಗ್ವಾಡಿ ಕೆಡವೂ ಮಂದೀನ ನಾ ನೋಡಿಲ್ಲ.” ದೇವರು ಆ ದಿನ ಬರೀ ಎಣ್ಣೆಯ ಬೆಳಕಿನಲ್ಲಿ ಕೂತರು. ಎರಡನೆಯ ಸೋಮವಾರವೂ ಹಾಗೇ. ಕಟ್ಟೆಯ ಮೇಲೆ ಬಲಗಡೆಯ ಅರ್ಧ ಖಾಲಿ. ಐದನೆಯವರಿಗೆ ಈಗ ಬೇಕಾದಷ್ಟು ಜಾಗವಿತ್ತು.

ಆ ವಾರ ಗುರುವಾರ ಸಂಜೆ ಲಕ್ಕಪ್ಪ ಮಾಮಾ ಬಂದು, ಕಾಕು ಗಂಟು ಕಟ್ಟುತ್ತಿದ್ದಾಳೆ, ಭಾನುವಾರ ಮೂಡಲಗಿಯ ತವರಿಗೆ ಹೋಗುತ್ತಾಳಂತೆ, ಶ್ರಾವಣ ಮುಗಿಯುವವರೆಗೂ ಅಲ್ಲೇ ಅಂತೆ ಎಂದು ಹೇಳಿದ. ಮೂವತ್ತು ಶ್ರಾವಣಗಳಲ್ಲಿ ಅವಳು ಒಂದು ಸೋಮವಾರವೂ ಮನೆ ಬಿಟ್ಟವಳಲ್ಲ.  ಅವ್ವ ಇಷ್ಟೇ ಅಂದಳು: “ಹೋದ್ಲಂದ್ರ ಹಾದಿ ಮುರೀತು. ನೀ ಹಚ್ಚಿದ್ದು, ನೀನ ಆರಸು.”

ಹೋದೆ. ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ಕಟ್ಟೆಯ ಮೇಲೆ ಐದು ಹೆಜ್ಜೆ. ಕಾಕುವಿನ ಮಗ ಘಟಪ್ರಭಾ ಊರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ, ಇನ್ನೂ ಬಂದಿರಲಿಲ್ಲ. ಅವಳೊಬ್ಬಳೇ ನಡುಮನೆಯಲ್ಲಿ ಕೂತು ಸೀರೆ ಮಡಚುತ್ತಿದ್ದಳು.

“ಬರ್ರಿ ಮಾಸ್ತರ, ಬರ್ರಿ. ಭಾಳ ದೊಡ್ಡ ಮಂದಿ ಬಂದ್ರಿ. ಇನ್ನ ಯಾರ ಬಾಯಾಗ ಏನ ಇಡಬೇಕಂತ ಮಾಡೀರಿ?”

ನನಗೆ ‘ರಿ’ ಹಚ್ಚಿದಳೆಂದರೆ ಪ್ರಕರಣ ಗಂಭೀರ. ನಾನು ತರಗತಿಯಲ್ಲಿ ಪಾಠ ಮಾಡುವವನಂತೆ ಎಲ್ಲ ವಿವರಿಸಿದೆ. ಜಗಲಿ ಅಂದರೆ ಕಟ್ಟೆ ಎಂದು, ಅದು ಪುಸ್ತಕದ ಕನ್ನಡವೆಂದು, ಬೀಡಿಯೂ ಲಕ್ಕಪ್ಪ ಮಾಮಾನದೆಂದು, ನಾನು ಬರೆದ ಆ ಸಾಲಿನಲ್ಲಿ ಒಂದು ಅಕ್ಷರವೂ ನಿಜವಲ್ಲವೆಂದು. ಅವಳು ಮಡಚುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಸುಳ್ಳ ಹೇಳಬ್ಯಾಡ ಬಸು.”

“ಖರೇನ ಕಾಕು. ತಪ್ಪಾತು.”

“ಯಾರ ಹೇಳಿದ್ರು ನಿನಗ? ನಿಮ್ಮ ಕಾಕಾ ಹೇಳಿದ್ರೋ, ನೀನ ನೋಡಿದ್ಯೋ?”

“ಏನ ನೋಡೂದು?”

ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಕೇಳಬೇಕು.

“ಗಿರಣಿ ಗೇಟಿನ್ಯಾಗ ಬೀಡಿ, ಕಡ್ಡಿಪೆಟಗಿ ಕಸಗೊಂಡ ಇಟಗೋತಿದ್ರು. ಅರಳಿಗೆ ಒಂದ ಕಿಡಿ ಹತ್ತಿದ್ರ ಮುಗೀತಲ್ಲ. ಎಂಟ ತಾಸ ಬೀಡಿ ಇಲ್ಲದ ನಿಂದರೂದು. ಮನಿಗೆ ಬಂದ್ರ ಕಟ್ಟಿ ಮ್ಯಾಲ ಸೇದೂ ಹಂಗಿಲ್ಲ, ಓಣ್ಯಾಗ ಯಾರರೆ ನೋಡಿ ಅಣ್ಣಗ ಹೇಳಿದ್ರ? ಹಿತ್ತಲದಾಗ ನಿಮ್ಮವ್ವ ಬಟ್ಟಿ ಒಗೀತಿದ್ಲು. ಉಳದದ್ದು ದೇವರ ಕ್ವಾಣಿ. ತಂಪ, ಕತ್ತಲ, ಮ್ಯಾಲ ಒಂದ ಬೆಳಕಿಂಡಿ, ಹೊಗಿ ಹೋಗಾಕ. ಜಗಲಿ ಕೆಳಗಿನ ಮೆಟ್ಟಿಲಾ ಐತಲ್ಲ, ಅದರ ಮ್ಯಾಲ ಕುಂದರತಿದ್ರು. ನಾ ಒಮ್ಮೆ ನೋಡಿ ಹಣಿ ಹಣಿ ಬಡಕೊಂಡೆ. ‘ಮ್ಯಾಲಿಂದ ದೇವರದು, ಕೆಳಗಿನ ಮೆಟ್ಟಿಲಾ ಮನಿಷ್ಯಾರದು’ ಅಂದ್ರು. ಆಮ್ಯಾಲ ನಾರತೈತಿ ಅಂತ ಊದಿನಕಡ್ಡಿ. ಒಂದ ಬೀಡಿಗೆ ಎರಡ ಊದಿನಕಡ್ಡಿ!”

 ನನ್ನ ಬಾಲ್ಯವಿಡೀ ನನ್ನನ್ನು ಸೋಲಿಸಿದ್ದ ಆ ಊದಿನಕಡ್ಡಿ!

“ನೀ ಅಲ್ಲೇ ಚಾಪಿ ಮ್ಯಾಲ ಮಲಗಿರತಿದ್ದಿ, ನಾಕ ವರ್ಷದಾಂವ. ‘ಬಸು ಮಲಗ್ಯಾನ ಬಿಡ, ಅವಗೇನ ತಿಳೀತೈತಿ’ ಅಂತಿದ್ರು. ಪೇಪರಿನಾಗ ಬಂದಾಗ ಗೊತ್ತಾತು, ಮಲಗಿರಲಿಲ್ಲ ನೀ.”

“ನಾ ಮಲಗಿದ್ದೆ ಕಾಕು. ನನಗೇನೂ ಗೊತ್ತಿಲ್ಲ.”

“ಮತ್ತ ಜಗಲಿ ಅಂತ ಹೆಂಗ ಬರದಿ?” ಅವಳ ಧ್ವನಿ ಇಳಿಯಿತು. “ನಿಮ್ಮವ್ವ ಇವತ್ತಿಗೂ ಅವರ ಹೆಸರ ತಗೊಂಡ ದೀಪಾ ಹಚ್ಚತಾಳ. ಅಕಿಗೆ ಗೊತ್ತಾತಂದ್ರ, ನಾ ಯಾವ ಮಾರಿ ಹೊತಗೊಂಡು ಆ ಕ್ವಾಣಿಗೆ ಬರಲಿ? ನನಗೂ ಗೊತ್ತಿತ್ತು, ನಾನೂ ಮುಚ್ಚಿಟ್ಟೆ ಅಂತ ಆಗೂದಿಲ್ಲೇನು?”

ಆಗ ತಿಳಿಯಿತು. ಅವಳು ಮೂಡಲಗಿಗೆ ಹೊರಟದ್ದು ನಾನು ಸುಳ್ಳು ಬರೆದೆನೆಂದಲ್ಲ, ನಿಜ ಬರೆದೆನೆಂದು. ಪರಿಹಾರವನ್ನೂ ಅವಳೇ ಹೇಳಿದಳು. “ತಪ್ಪಾಗೈತಿ, ಜಗಲಿ ಅಲ್ಲ ಕಟ್ಟಿ ಅಂತ ಪೇಪರಿನಾಗ ಬರಿ. ಲಕ್ಕಪ್ಪ ಓದಬೇಕು, ನಿಮ್ಮವ್ವ ಕೇಳಬೇಕು. ಹಂಗಾದ್ರ ಗಂಟ ಬಿಚ್ಚತೇನಿ.”

ನನ್ನ ಸ್ಥಿತಿಯನ್ನು ನೀವೇ ಯೋಚಿಸಿ. ಶಬ್ದ ತಪ್ಪಿ ನಿಜ ಬರೆದವನು ಈಗ ಶಬ್ದ ತಿದ್ದಿ ಸುಳ್ಳು ಬರೆಯಬೇಕು. ತಪ್ಪಿದ್ದು ಶಬ್ದವೋ ಅಲ್ಲವೋ ಎಂಬುದೂ ಈಗ ಖಾತ್ರಿಯಿಲ್ಲ. ನಾಲ್ಕು ವರ್ಷದ ಹುಡುಗ ಅರೆನಿದ್ದೆಯಲ್ಲಿ ಕಣ್ಣು ತೆರೆದು, ಕತ್ತಲಲ್ಲಿ ಒಂದು ಕೆಂಪು ಚುಕ್ಕೆ ಕಂಡು, ಮತ್ತೆ ಮಲಗಿರಬಹುದು. ಮೂವತ್ತು ವರ್ಷದ ಮೇಲೆ ಅದು ‘ಜಗಲಿ’ ಎಂಬ ಶಬ್ದ ಹಿಡಿದು ಮೇಲೆ ಬಂದಿರಬಹುದು, ನಾನು ಅದನ್ನು ಪುಸ್ತಕದ ಪ್ರಭಾವವೆಂದು ಭ್ರಮಿಸಿರಬಹುದು. ಊದಿನಕಡ್ಡಿಯ ವಾಸನೆ ಬಂದರೆ ನನಗೆ ಇಂದಿಗೂ ತೂಕಡಿಕೆ ಬರುತ್ತದೆ. ಅದು ಸಾಕ್ಷಿಯೋ, ಈಗ ಕಥೆ ಗೊತ್ತಾದ ಮೇಲೆ ನಾನೇ ಒದಗಿಸಿಕೊಳ್ಳುತ್ತಿರುವ ಅನುಕೂಲವೋ? ನಾನು ಸಾಕ್ಷಿಗಳನ್ನು ಎರಡೆಂದು ತಿಳಿದಿದ್ದೆ: ನೋಡಿದವರು, ನೋಡದವರು. ಮಲಗಿದ್ದವರು ಎಂಬ ಮೂರನೆಯ ವರ್ಗವೂ ಇದೆಯೆಂದು ಯಾರೂ ಕಲಿಸಿರಲಿಲ್ಲ.

ತಿದ್ದುಪಡಿ ಬರೆದುಕೊಟ್ಟೆ. ಶನಿವಾರ ಅದು ಮೂಲೆಯಲ್ಲಿ ಎರಡು ಸಾಲಾಗಿ ಬಂತು: ‘ಜಗಲಿ ಎಂಬಲ್ಲಿ ಕಟ್ಟೆ ಎಂದು ಓದಿಕೊಳ್ಳಬೇಕು. ತಪ್ಪಿಗೆ ಕ್ಷಮೆ ಇರಲಿ.’ ಲಕ್ಕಪ್ಪ ಮಾಮಾ ಕಟ್ಟೆಯ ಮುಂದೆ ನಿಂತು ಅದನ್ನು ಇಡೀ ಕಾಲನಿಗೆ ಕೇಳುವಂತೆ ಮೂರು ಸಲ ಓದಿದ. ಕಾಕು ತನ್ನ ಬಾಗಿಲಲ್ಲಿ ನಿಂತು ಕೇಳಿದಳು, ಅವ್ವ ತನ್ನ ಬಾಗಿಲಲ್ಲಿ.

“ಆದ್ರ ಕಟ್ಟಿ ಮ್ಯಾಲ ಸೇದಿದ್ದೂ ನಾ ನೋಡಿಲ್ಲಲ್ರಿ,” ಎಂದು ಅವನು ತಲೆ ಕೆರೆದುಕೊಂಡ.

“ನೀವ ಕುರಿ ಹಿಂದ ಹೋಗಿರತಿದ್ರಿ, ನಿಮಗೇನ ಗೊತ್ತು?” ಎಂದಳು ಕಾಕು. “ಕಟ್ಟಿ ಮ್ಯಾಲನ ಸೇದತಿದ್ರು. ನಾ ನೋಡೇನಿ.”

ಸೋಮವಾರ ಮುಂಜಾನೆ ಅವಳು ಪತ್ರಿಯ ಬುಟ್ಟಿಯೊಂದಿಗೆ ಐದು ಹೆಜ್ಜೆ ನಡೆದು ಬಂದಳು. ಅವ್ವ, “ಗಿಡಾ ಚೊಲೋ ಚಿಗತೈತೇನ?” ಎಂದು ಕೇಳಿದಳು. ಕಾಕು, “ಹೂಂ, ಎರಡ ವಾರ ಕೊಯ್ದಿಲ್ಲಲ್ಲ,” ಎಂದಳು. ಆ ಎರಡು ವಾರಗಳ ಬಗ್ಗೆ ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ. ದೇವರ ಮೇಲೆ ಹಸಿರು ಬಿತ್ತು.

ಪೂಜೆ ಮುಗಿದು ಕಾಕು ಹೋದ ಮೇಲೆ ಅವ್ವ ಕೋಣೆ ಗುಡಿಸುತ್ತಿದ್ದಳು. ಜಗಲಿಯ ಹಿಂದೆ, ಗೋಡೆಗೂ ಕಲ್ಲಿಗೂ ನಡುವೆ ಒಂದು ಸಂದಿಯಿದೆ. ಅದರೊಳಗೆ ಕಸಬರಿಗೆಯ ಕಡ್ಡಿ ಹಾಕಿ ಕೆದಕುತ್ತ, ನನ್ನತ್ತ ನೋಡದೆಯೇ ಅಂದಳು: “ಕಟ್ಟಿ ಅಂತ ಬರದದ್ದು ಚೊಲೋ ಮಾಡಿದಿ.”

“ಖರೆ ಇದ್ದದ್ದ ಬರದೆ.”

ಕೆದಕುವುದು ನಿಂತಿತು. “ಇಷ್ಟ ವರ್ಷ ಈ ಸಂದ್ಯಾಗಿನ ಕಸಾ ಯಾರ ತಗೀತಿದ್ರು ಅಂತ ತಿಳಕೊಂಡಿ?”

ಕಡ್ಡಿಯ ತುದಿಗೆ ಹತ್ತಿದ ದೂಳನ್ನು ಅವ್ವ ಕೊಡವಿದಳು.

“ದಿನಾ ಎರಡ ಬೀಡಿ ತುಂಡ. ಪಗಾರ ಆದ ದಿನಾ ಮೂರ. ನಿಮ್ಮಪ್ಪ ಬರೂದ್ರಾಗ ಒಲ್ಯಾಗ ಹಾಕತಿದ್ದೆ. ನಿಮ್ಮ ಕಾಕು ಪಾಪ, ಗಂಡ ದೇವರಂಥಾಂವ ಅಂತ ತಿಳಕೊಂಡ ಕುಂತಾಕಿ. ಅಕಿಗೆ ಗೊತ್ತಾದ್ರ ಎದಿ ಒಡಕೋತಾಳ ಅಂತ ನಾ ಬಾಯಿ ಬಿಡಲಿಲ್ಲ.”

“ಮತ್ತ ನನಗ ಹಂಗ ಬೈದಿಯಲ್ಲ?”

“ಲಕ್ಕಪ್ಪನ ಮುಂದ ಬೈಲಾರದ ಏನ ಮಾಡಲಿ? ಬೈಲಿಲ್ಲಂದ್ರ ಖರೆ ಅಂತಾಗತಿತ್ತು.”

ಹೀಗೆ ಒಂದೇ ಗುಟ್ಟು ಎರಡು ಬಾಗಿಲುಗಳ ಹಿಂದೆ, ಒಬ್ಬರಿಗೆ ತಿಳಿಯಬಾರದೆಂದು ಇನ್ನೊಬ್ಬರು ಕಾಯ್ದು ಮೂವತ್ತು ವರ್ಷ ಉಳಿದಿತ್ತು. ನಡುಮನೆಗೆ ಗೋಡೆ ಬಂದಾಗ ಇದೂ ಪಾಲಾಗಿತ್ತೆಂದು ಕಾಣುತ್ತದೆ: ಹೊಗೆ ಕಾಕುವಿಗೆ, ಬೂದಿ ಅವ್ವನಿಗೆ. ಇಬ್ಬರೂ ಕೂಡಿ ಕಾಯ್ದದ್ದು ಕಾಕಾನ ಮರ್ಯಾದೆಯನ್ನೋ ಒಬ್ಬರೊಬ್ಬರ ಮನಸ್ಸನ್ನೋ ನನಗೆ ತಿಳಿಯದು. ನಾನು ಹಳೆಯ ಕಾಗದಪತ್ರಗಳಲ್ಲಿ ಸುಳ್ಳನ್ನು ಹುಡುಕಿ ತೆಗೆಯುವ ಕಸುಬಿನವನು. ಸುಳ್ಳೊಂದು ಸಿಕ್ಕಿದ ಕೂಡಲೇ ಅದನ್ನು ಯಾರ ಸ್ವಾರ್ಥ ಹೇಳಿಸಿತು ಎಂದು ಕೇಳುವುದನ್ನು ಕಲಿತಿದ್ದೇನೆ. ಅದು ಯಾರನ್ನು ನೋಯಿಸಬಾರದೆಂದು ಹುಟ್ಟಿತು ಎಂದು ಕೇಳಿದ್ದು ಕಡಿಮೆ.

ಶ್ರಾವಣ ಮುಗಿಯುವವರೆಗೆ ನಾನೂ ಗುಟ್ಟು ಕಾಯ್ದೆ. ಮುಗಿದ ಮೇಲೆ ಆಗಲಿಲ್ಲ. ಒಂದೇ ಕಥೆಯ ಎರಡು ಅರ್ಧಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಐದು ಹೆಜ್ಜೆ ದಾಟುವುದು ನನ್ನಂಥವನಿಗೆ ಆಗದ ಕೆಲಸ. ಈ ಬರಹವನ್ನು ಇಲ್ಲಿಯವರೆಗೆ ಬರೆದು, ಒಂದು ಸಂಜೆ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ಲಕ್ಕಪ್ಪ ಮಾಮಾ ಕುರಿಗಳಿಗೆ ಮೇವು ಹಾಕುತ್ತಿರುವ ಹೊತ್ತು ನೋಡಿ, ಸಣ್ಣ ಧ್ವನಿಯಲ್ಲಿ ಓದಿದೆ. ಬೇಡವೆಂದರೆ ಹರಿದು ಹಾಕುವುದೆಂದು ಮೊದಲೇ ಹೇಳಿದ್ದೆ.

ಓದಿ ಮುಗಿದಾಗ ಇಬ್ಬರೂ ನನ್ನನ್ನು ನೋಡಲಿಲ್ಲ, ಒಬ್ಬರನ್ನೊಬ್ಬರು ನೋಡಿದರು.

“ನಿನಗ ಗೊತ್ತಿತ್ತೇನ ಅಕ್ಕಾ?” ಎಂದಳು ಕಾಕು.

“ನಿನಗ?” ಎಂದಳು ಅವ್ವ.

“ಪಗಾರದ ದಿನಾ ಮೂರಲ್ಲ, ನಾಕ,” ಎಂದಳು ಕಾಕು. “ಸಂದಿ ಹೊರಗ ಬಿದ್ದ ಒಂದರ ತುಂಡ ನಾ ತಗೊಂಡ ಹೋಗತಿದ್ದೆ. ನಿನಗ ಸಿಕ್ಕೀತಂತ.”

ಅವ್ವನಿಗೆ ಮೊದಲು ನಗು ಬಂತು. ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು. ಅದು ಪೂರಾ ನಗುವೇ ಆಗಿತ್ತೆಂದು ಹೇಳಲಾರೆ. ಅಚ್ಚಿಗೆ ಕೊಡಲೇ ಎಂದು ಕೇಳಿದೆ. ಅವ್ವ ಸೀಳಿನೊಳಗಿನ ಒಂದು ಸಿಪ್ಪೆಯನ್ನು ಉಗುರಿನಿಂದ ಎತ್ತುತ್ತ ಅಂದಳು: “ಛಾಪಸಬೇಕಂದ್ರ ಛಾಪಸ. ದೂರದ ಮಂದಿ ಓದಿದ್ರ ಹೆಂಗೂ ಜಗಲಿ ಅಂದ್ರ ಕಟ್ಟಿ ಅಂತನ ತಿಳಕೋತಾರ.”

ಅಷ್ಟರಲ್ಲಿ ಲಕ್ಕಪ್ಪ ಮಾಮಾ ಮೇವಿನ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ. ಯಾಕೆ ನಗುತ್ತಿದ್ದಾರೆಂದು ಅವನಿಗೆ ಗೊತ್ತಿಲ್ಲ. ಅಭ್ಯಾಸದಂತೆ ಅವನೂ ನಕ್ಕ. ಕಾಕು ಸರಿದು ಕೂತು, ತನ್ನ ಬಾಜೂಕಿನ ಫರಸಿ ಕಲ್ಲನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

“ಬರ್ರಿ ಲಕ್ಕಪ್ಪ,” ಎಂದಳು, ತನ್ನ ಹೆಸರಿನ ಎರಡೂ ಅರ್ಥ ಧ್ವನಿಯಲ್ಲಿರುವಂತೆ. “ಜಗಲಿ ಮ್ಯಾಲ ಕುಂದರ್ರಿ. ಬೀಡಿ ಇದ್ರ ಸೇದ್ರಿ.”